ವೈದ್ಯರ ಸಮ್ಮೇಳನದಲ್ಲಿ ಸಿಗರೇಟ್ ಸ್ಟಾಲ್

ಇವತ್ತು ಅಮೆರಿಕದ ಅಟ್ಲಾಂಟಿಕ್ ಸಿಟಿ ಅನ್ನೋ ಕಡಲ ತೀರದ ಊರಿಗೆ ಹೋಗೋಣ. ವರ್ಷ 1947, ಜೂನ್ ತಿಂಗಳು. ನಮ್ಮಲ್ಲಿ ಸ್ವಾತಂತ್ರ್ಯಕ್ಕೆ ಇನ್ನೂ ಎರಡು ತಿಂಗಳಿದೆ. ಅಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್, ಅಂದರೆ ಎಎಂಎ, ತನ್ನ ನೂರನೇ ವರ್ಷವನ್ನು ಆಚರಿಸುತ್ತಿದೆ. 1847ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿದ ಸಂಘ ಅದು. ದೇಶದ ಮೂಲೆಮೂಲೆಯಿಂದ ಸಾವಿರಾರು ವೈದ್ಯರು ಬಂದಿದ್ದಾರೆ. ಒಂದು ಕಡೆ ಪ್ರಬಂಧಗಳ ಮಂಡನೆ ನಡೆಯುತ್ತಿದೆ, ಇನ್ನೊಂದು ಕಡೆ ಕಂಪನಿಗಳ ಮಳಿಗೆಗಳು ಸಾಲಾಗಿ ನಿಂತಿವೆ. ಆ ಸಾಲಿನಲ್ಲಿ ಒಂದು ಕಡೆ ನೂರಾರು ವೈದ್ಯರು ಕ್ಯೂ ನಿಂತಿದ್ದಾರೆ. ಪೆನಿಸಿಲಿನ್ ಬಗ್ಗೆ ತಿಳಿಯೋದಕ್ಕಲ್ಲ, ಹೊಸ ಎಕ್ಸ್‌ರೇ ಯಂತ್ರ ನೋಡೋದಕ್ಕೂ ಅಲ್ಲ. ಪುಕ್ಕಟೆ ಸಿಗರೇಟ್‌ಗೆ.

ಇದನ್ನು ಕೇಳಿ ನಗು ಬರುತ್ತೆ, ಸಹಜ. ಆದರೆ ನಗೋದರ ಜೊತೆಗೆ ಒಂದು ಪ್ರಶ್ನೆ ಕೇಳಿಕೊಳ್ಳೋಣ. ಸಿಗರೇಟ್ ಕಂಪನಿಗೆ ವೈದ್ಯರ ಸಮ್ಮೇಳನದಲ್ಲಿ ಏನು ಕೆಲಸ? ಅಲ್ಲಿ ಸೇರಿದವರು ಹೆಚ್ಚೆಂದರೆ ಕೆಲವು ಸಾವಿರ ಜನ. ಅವರಿಗೆ ಪ್ಯಾಕ್ ಮಾರಿ ಎಷ್ಟು ದುಡ್ಡು ಬಂದೀತು? ಸ್ಟಾಲ್ ಬಾಡಿಗೆ, ಅಲಂಕಾರ, ಸಿಬ್ಬಂದಿ, ಪುಕ್ಕಟೆ ಮಾಲು, ಎಲ್ಲ ಸೇರಿಸಿದರೆ ಅದು ಶುದ್ಧ ನಷ್ಟದ ಬಾಬ್ತು. ಹಾಗಾದರೆ ಆ ಖರ್ಚಿನ ಎದುರಿಗೆ ಕಂಪನಿಗೆ ಸಿಕ್ಕಿದ್ದೇನು? ನಾನು ಓದಿದ್ದು ಬಿಕಾಂ. ಡಾಕ್ಟರ್‌ಗಳ ಕಥೆ ಹೇಳೋಕೆ ಕೂತರೂ ಮೊದಲು ಲೆಡ್ಜರ್‌ನ ಎರಡು ಕಡೆಯನ್ನೇ ನೋಡ್ತೀನಿ.

ವೈದ್ಯಕೀಯ ಸಮ್ಮೇಳನದ ಸ್ಪಾನ್ಸರ್‌ಶಿಪ್ ಕರಪತ್ರವನ್ನು ನೀವು ನೋಡಿಲ್ಲದಿದ್ದರೆ ಒಂದು ನಿಮಿಷ ಅದರ ಬಗ್ಗೆ ಹೇಳ್ತೀನಿ. ನೋಡೋದಕ್ಕೆ ಮದುವೆ ಛತ್ರದ ರೇಟ್ ಕಾರ್ಡ್ ಥರ ಇರುತ್ತೆ. ಪ್ಲಾಟಿನಂ, ಗೋಲ್ಡ್, ಸಿಲ್ವರ್ ಅಂತ ದರ್ಜೆಗಳು. ಮೂರು ಮೀಟರ್‌ಗೆ ಮೂರು ಮೀಟರ್ ಸ್ಟಾಲ್‌ಗೆ ಒಂದು ದರ, ಬಾಗಿಲ ಪಕ್ಕದ ಮೂಲೆ ಸ್ಟಾಲ್‌ಗೆ ಜಾಸ್ತಿ ದರ. ಕೊರಳಿಗೆ ಹಾಕೋ ಬ್ಯಾಡ್ಜಿನ ಪಟ್ಟಿಯ ಮೇಲೆ ಕಂಪನಿ ಹೆಸರು ಬರಬೇಕಾದರೆ ಒಂದು ಮೊತ್ತ, ಕೈಚೀಲದ ಮೇಲೆ ಬರಬೇಕಾದರೆ ಇನ್ನೊಂದು. ಮಧ್ಯಾಹ್ನದ ಊಟದ ಹೊತ್ತಿನ ಉಪನ್ಯಾಸಕ್ಕೆ ಎಲ್ಲಕ್ಕಿಂತ ದೊಡ್ಡ ಮೊತ್ತ. ಜಿಎಸ್‌ಟಿ ಬೇರೆ. ನನ್ನ ಬಿಕಾಂ ಕ್ಲಾಸ್‌ಮೇಟ್ ಒಬ್ಬ ಈಗ ಮೆಡಿಕಲ್ ರೆಪ್. ಇಂಥ ಸ್ಟಾಲ್‌ಗಳಲ್ಲಿ ದಿನವಿಡೀ ನಿಂತವನು. ಅವನು ಹೇಳಿದ್ದು ಇಷ್ಟು: "ಸುಮ್ನೆ ಪೋಸ್ಟರ್ ಇಟ್ರೆ ಡಾಕ್ಟ್ರು ಬರಲ್ಲ ಮಗಾ. ಕಾಫಿ ಮಷಿನ್ ಇಟ್ರೆ ಬರ್ತಾರೆ." 1947ರ ಸಿಗರೇಟ್ ಕಂಪನಿಗಳಿಗೂ ಈ ಗುಟ್ಟು ಗೊತ್ತಿತ್ತು.

ಮಳಿಗೆಗಳ ಪದ್ಧತಿ ಅದಕ್ಕಿಂತ ಬಹಳ ಹಳೆಯದು. 1881ರಲ್ಲಿ ಲಂಡನ್ನಿನಲ್ಲಿ ನಡೆದ ಅಂತಾರಾಷ್ಟ್ರೀಯ ವೈದ್ಯಕೀಯ ಸಮ್ಮೇಳನಕ್ಕೆ ಪಾಶ್ಚರ್, ಕಾಖ್, ಲಿಸ್ಟರ್ ಮೂವರೂ ಬಂದಿದ್ದರು. ಅದೇ ಬೇಸಿಗೆಯಲ್ಲಿ ಸೌತ್ ಕೆನ್ಸಿಂಗ್ಟನ್‌ನಲ್ಲಿ ಔಷಧಿ, ಉಪಕರಣ, ನೈರ್ಮಲ್ಯ ಸಾಮಗ್ರಿಗಳ ದೊಡ್ಡ ಪ್ರದರ್ಶನವೂ ನಡೆಯಿತು. 1913ರಲ್ಲಿ ಆ ಸಮ್ಮೇಳನದ 17ನೇ ಅಧಿವೇಶನ ಮತ್ತೆ ಲಂಡನ್ನಿಗೆ ಬಂದಾಗ, ಬರೋಸ್ ವೆಲ್ಕಮ್ ಔಷಧ ಕಂಪನಿಯ ಮಾಲೀಕ ಹೆನ್ರಿ ವೆಲ್ಕಮ್ ಒಂದು ಹೆಜ್ಜೆ ಮುಂದೆ ಹೋದರು. ಬರೀ ಸ್ಟಾಲ್ ಹಾಕದೆ, ವೈದ್ಯಕೀಯದ ಇತಿಹಾಸದ ಒಂದು ಇಡೀ ಪ್ರದರ್ಶನವನ್ನೇ ವಿಗ್ಮೋರ್ ಬೀದಿಯಲ್ಲಿ ತೆರೆದರು. ಅದಕ್ಕೆ ವಸ್ತುಗಳನ್ನು ಕೂಡಿಹಾಕಲು ಜಗತ್ತಿನಾದ್ಯಂತ ಜನರನ್ನು ಕಳಿಸಿದ್ದರು. ಪೈರಾ ಮಲ್ ಎಂಬ ವೈದ್ಯರು ನಮ್ಮ ದೇಶದಲ್ಲಿ ವರ್ಷಗಟ್ಟಲೆ ಓಡಾಡಿ ಅವರಿಗಾಗಿ ಹಸ್ತಪ್ರತಿಗಳನ್ನು ಸಂಗ್ರಹಿಸಿದರು. ಸಮ್ಮೇಳನ ಮುಗಿದ ಮೇಲೂ ಆ ಪ್ರದರ್ಶನ ವಸ್ತುಸಂಗ್ರಹಾಲಯವಾಗಿ ಉಳಿಯಿತು. ಅಂದಹಾಗೆ, 'ಟ್ಯಾಬ್ಲಾಯ್ಡ್' ಅನ್ನೋದು ಈ ಕಂಪನಿ 1884ರಲ್ಲಿ ತನ್ನ ಒತ್ತಿದ ಮಾತ್ರೆಗಳಿಗೆ ಇಟ್ಟ ಬ್ರ್ಯಾಂಡ್ ಹೆಸರು. ಚಿಕ್ಕದಾಗಿ ಒತ್ತಿದ್ದೆಲ್ಲ ಟ್ಯಾಬ್ಲಾಯ್ಡ್ ಆಗಿ, ಕೊನೆಗೆ ಪತ್ರಿಕೆಗಳಿಗೂ ಅದೇ ಹೆಸರು ಬಂತು. ಲಂಕೇಶ್ ಪತ್ರಿಕೆ, ಹಾಯ್ ಬೆಂಗಳೂರು ಓದಿ ಬೆಳೆದ ಮನೆಗಳಲ್ಲಿ ಆ ಪದ ಬಂದದ್ದು ಒಂದು ಮಾತ್ರೆಯಿಂದ ಅಂತ ಎಷ್ಟು ಜನಕ್ಕೆ ಗೊತ್ತೋ!

ಸರಿ, ಎಎಂಎಗೆ ವಾಪಸ್ ಬರೋಣ. ಇಲ್ಲೊಂದು ವಿಚಿತ್ರ ಇದೆ. ಆ ಸಂಘ ದುಡ್ಡಿಗಾಗಿ ಯಾರಿಗೆ ಬೇಕಾದರೂ ಬಾಗಿಲು ತೆರೆಯುವ ಸಂಘವಾಗಿರಲಿಲ್ಲ. 20ನೇ ಶತಮಾನದ ಶುರುವಿನಲ್ಲಿ ಅಮೆರಿಕದ ಔಷಧ ಮಾರುಕಟ್ಟೆ ನಮ್ಮ ಜಾತ್ರೆಯಲ್ಲಿ ಸರ್ವರೋಗಕ್ಕೂ ಒಂದೇ ಎಣ್ಣೆ ಮಾರುವವರ ಹಾಗಿತ್ತು. ಬಾಟಲಿಯೊಳಗೆ ಏನಿದೆ ಅಂತ ಯಾರೂ ಹೇಳುತ್ತಿರಲಿಲ್ಲ. ಅದರ ವಿರುದ್ಧ 1905ರಲ್ಲಿ ಎಎಂಎ ಒಂದು ಪರಿಷತ್ತನ್ನು ಕಟ್ಟಿತು. ಔಷಧಿಯ ಒಳಗೇನಿದೆ, ಕಂಪನಿ ಹೇಳುವುದು ನಿಜವಾ ಅಂತ ಪರೀಕ್ಷೆ ಮಾಡುವುದು ಅದರ ಕೆಲಸ. ಅಲ್ಲಿ ಪಾಸಾಗದ ಔಷಧಿಗೆ ಸಂಘದ ಪತ್ರಿಕೆ 'ಜಾಮಾ'ದಲ್ಲಿ ಜಾಹೀರಾತಿನ ಜಾಗ ಇಲ್ಲ. 1930ರ ಹೊತ್ತಿಗೆ ಆಹಾರ ಪದಾರ್ಥಗಳಿಗೂ ಒಪ್ಪಿಗೆ ಮುದ್ರೆ ಕೊಡುವ ವ್ಯವಸ್ಥೆ ಬಂತು. ಅಂದರೆ ಜರಡಿ ಇತ್ತು, ಒಳ್ಳೆಯ ಜರಡಿಯೇ ಇತ್ತು.

ಆದರೆ ಸಿಗರೇಟ್ ಔಷಧಿಯಲ್ಲ. ಆಹಾರವೂ ಅಲ್ಲ. ಔಷಧಿಯ ಪರಿಷತ್ತಿನ ಮೇಜಿಗೂ ಅದು ಬರಬೇಕಿರಲಿಲ್ಲ, ಆಹಾರದ ಸಮಿತಿಯ ಮೇಜಿಗೂ ಬರಬೇಕಿರಲಿಲ್ಲ. ಕೆಮ್ಮಿನ ಔಷಧಿ ಮಾರುವವನು ಪರೀಕ್ಷೆ ಬರೆಯಬೇಕು, ಕೆಮ್ಮು ತರಿಸುವುದನ್ನು ಮಾರುವವನು ಬರೆಯಬೇಕಾಗಿಲ್ಲ. 1933ರಲ್ಲಿ ಜಾಮಾ ಮೊದಲ ಸಲ ಸಿಗರೇಟ್ ಜಾಹೀರಾತು ಒಪ್ಪಿಕೊಂಡಿತು, ಚೆಸ್ಟರ್‌ಫೀಲ್ಡ್ ಸಿಗರೇಟಿನದು. ಸಂಘ ಕೊಟ್ಟ ಸಮರ್ಥನೆಯ ತಿರುಳು ಇದು: ವೈದ್ಯರೇ ಇಷ್ಟೊಂದು ಜನ ಸೇದುತ್ತಾರಲ್ಲ, ಅದನ್ನು ಪರಿಗಣಿಸಿದ್ದೇವೆ. ಅದು ಸುಳ್ಳೂ ಅಲ್ಲ. ಆ ಕಾಲದ ಅಮೆರಿಕದಲ್ಲಿ ಅರ್ಧಕ್ಕಿಂತ ಹೆಚ್ಚು ವೈದ್ಯರು ಸೇದುತ್ತಿದ್ದರು.

ಜಾಮಾದಂಥ ಪತ್ರಿಕೆಯ ಓದುಗರು ವೈದ್ಯರು, ಹಾಗಾಗಿ ಜಾಹೀರಾತೂ ವಿಜ್ಞಾನದ ಭಾಷೆಯಲ್ಲೇ ಇರಬೇಕಿತ್ತು. ಅದರಲ್ಲಿ ಪಳಗಿದ್ದು ಫಿಲಿಪ್ ಮಾರಿಸ್ ಕಂಪನಿ. ಹೊಗೆಸೊಪ್ಪು ಒಣಗಿ ಪುಡಿಯಾಗದ ಹಾಗೆ ತೇವ ಹಿಡಿದಿಡಲು ಸಿಗರೇಟ್ ಕಂಪನಿಗಳು ಗ್ಲಿಸರಿನ್ ಬೆರೆಸುತ್ತಿದ್ದವು. (ಹುಣಸೂರು, ಪಿರಿಯಾಪಟ್ಟಣದ ಕಡೆಯ ಕೇಳುಗರಿಗೆ ಎಲೆಯ ಹದದ ಬಗ್ಗೆ ನಾನು ಹೇಳಬೇಕಾಗಿಲ್ಲ.) ಫಿಲಿಪ್ ಮಾರಿಸ್ ಗ್ಲಿಸರಿನ್ ಬದಲು ಡೈಎಥಿಲೀನ್ ಗ್ಲೈಕಾಲ್ ಹಾಕಿತು. ಅದರಿಂದ ಗಂಟಲಿಗೆ ಕಿರಿಕಿರಿ ಕಮ್ಮಿ ಅಂತ ಹೇಳಿತು. ಪುರಾವೆ ಏನಪ್ಪಾ ಅಂದರೆ, 1934ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ಮೊಲದ ಕಣ್ಣಿನ ಮೇಲೆ ಮಾಡಿದ ಪ್ರಯೋಗ. ಆ ಪ್ರಬಂಧದ ಪ್ರತಿಗಳು ವೈದ್ಯರ ಕೈಗೆ ಹೋದವು. ಮೊಲದ ಕಣ್ಣಿಗೆ ಉರಿ ಕಮ್ಮಿಯಾದರೆ ಮನುಷ್ಯನ ಶ್ವಾಸಕೋಶಕ್ಕೆ ಕ್ಷೇಮ ಅಂತ ಹೇಗಾಯ್ತು ಅಂತ ಜಾಹೀರಾತು ವಿವರಿಸಲಿಲ್ಲ.

ಡೈಎಥಿಲೀನ್ ಗ್ಲೈಕಾಲ್ ಅನ್ನೋ ಹೆಸರು ಎಲ್ಲೋ ಕೇಳಿದ ಹಾಗಿದೆ ಅನಿಸಿದರೆ ನಿಮ್ಮ ನೆನಪು ಸರಿಯಾಗಿದೆ. 2022ರಲ್ಲಿ ಗ್ಯಾಂಬಿಯಾ ದೇಶದ ಮಕ್ಕಳ ಸಾವಿನ ಸುದ್ದಿಯಲ್ಲಿ, ಭಾರತದಲ್ಲಿ ತಯಾರಾದ ಸಿರಪ್‌ಗಳ ವಿಷಯವಾಗಿ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆ ಕೊಟ್ಟಾಗ ಬಂದ ಹೆಸರೇ ಅದು. 1937ರಲ್ಲಿ ಅಮೆರಿಕದಲ್ಲೂ ಹಾಗೇ ಆಗಿತ್ತು. ಸಲ್ಫನಿಲಮೈಡ್ ಔಷಧಿಯನ್ನು ಆ ದ್ರಾವಣದಲ್ಲಿ ಕರಗಿಸಿ ಮಾರಿ ನೂರಕ್ಕೂ ಹೆಚ್ಚು ಜನ ಸತ್ತರು. ವಿಷ ಯಾವುದು ಅಂತ ಆಗ ಪತ್ತೆ ಹಚ್ಚಿದ್ದು ಇದೇ ಎಎಂಎಯ ಪ್ರಯೋಗಾಲಯ.

1942ರ ಸಮ್ಮೇಳನವೂ ಅಟ್ಲಾಂಟಿಕ್ ಸಿಟಿಯಲ್ಲೇ ನಡೆಯಿತು. ಮೊನೊಪಲಿ ಆಟ ಆಡಿದವರಿಗೆ ಆ ಊರಿನ ಬೀದಿಗಳ ಹೆಸರು ಬಾಯಿಪಾಠ ಇರುತ್ತೆ, ಮೂಲ ಆಟದ ಹಲಗೆಯ ಮೇಲಿರೋದು ಅವೇ. ಆ ವರ್ಷ ಫಿಲಿಪ್ ಮಾರಿಸ್ ವೈದ್ಯರಿಗಾಗಿ ಒಂದು ವಿಶ್ರಾಂತಿ ಕೋಣೆಯನ್ನೇ ಮಾಡಿಟ್ಟಿತ್ತು. ಭಾಷಣ ಕೇಳಿ ಕೇಳಿ ಸುಸ್ತಾದವರು ಬಂದು ಕೂರಬಹುದು, ಪತ್ರಿಕೆ ಓದಬಹುದು, ಹರಟಬಹುದು, ಸೇದಬಹುದು. ಅಲ್ಲಿ ಯಾರೂ ಏನನ್ನೂ ಮಾರುತ್ತಿರಲಿಲ್ಲ. ನನಗೆ ಇಡೀ ಕಥೆಯಲ್ಲಿ ಅತ್ಯಂತ ಜಾಣತನದ ಖರ್ಚು ಅನಿಸೋದು ಇದೇ.

ಇನ್ನು ಕ್ಯಾಮೆಲ್ ಸಿಗರೇಟಿನ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕೆಂದರೆ ಸ್ಟಾಲಿನಿಂದ ಕಂಪನಿಗೆ ಸಿಕ್ಕಿದ್ದೇನು ಅನ್ನೋ ನನ್ನ ಪ್ರಶ್ನೆಗೆ ಉತ್ತರ ಇಲ್ಲೇ ಇದೆ.

1946ರಲ್ಲಿ ಕ್ಯಾಮೆಲ್ ತಯಾರಿಸುವ ಆರ್.ಜೆ. ರೆನಾಲ್ಡ್ಸ್ ಕಂಪನಿ ಒಂದು ಜಾಹೀರಾತು ಸರಣಿ ಶುರು ಮಾಡಿತು. ಬಿಳಿ ಕೋಟು ಹಾಕಿದ, ಮುಖದಲ್ಲಿ ದಯೆ ತುಂಬಿದ, ನಡುರಾತ್ರಿ ಕರೆ ಬಂದರೂ ಎದ್ದು ಹೋಗುವ ವೈದ್ಯರ ಚಿತ್ರ. ಕೆಳಗೆ, ಬೇರೆ ಯಾವುದೇ ಸಿಗರೇಟಿಗಿಂತ ಹೆಚ್ಚು ವೈದ್ಯರು ಕ್ಯಾಮೆಲ್ ಸೇದುತ್ತಾರೆ ಅನ್ನೋ ಘೋಷಣೆ. ಅದಕ್ಕೆ ಆಧಾರವಾಗಿ ಒಂದು ಸಂಖ್ಯೆ: 1,13,597 ವೈದ್ಯರನ್ನು ಕೇಳಿದ್ದೇವೆ. ಲಕ್ಷದ ಹದಿಮೂರು ಸಾವಿರದ ಐನೂರ ತೊಂಬತ್ತೇಳು! ಸುಮಾರು ಒಂದು ಲಕ್ಷ ಅಂದಿದ್ದರೆ ಯಾರೂ ನಂಬುತ್ತಿರಲಿಲ್ಲವೇನೋ. ಕೊನೆಯ ಆ ತೊಂಬತ್ತೇಳು ಇದೆಯಲ್ಲ, ನಂಬಿಕೆ ಬರೋದು ಅದರಿಂದ.

ಸಮೀಕ್ಷೆ ನಡೆದದ್ದು ಹೀಗೆ. ಅದನ್ನು ಮಾಡಿದವರು ಕಂಪನಿಯ ಜಾಹೀರಾತು ಏಜೆನ್ಸಿಯಾದ ವಿಲಿಯಂ ಎಸ್ಟಿಯ ಜನ. ಅವರು ವೈದ್ಯರನ್ನು ಹಿಡಿಯುತ್ತಿದ್ದುದು ಕ್ಲಿನಿಕ್‌ಗಳಲ್ಲಿ ಮತ್ತು ಇಂಥ ಸಮ್ಮೇಳನಗಳಲ್ಲಿ. ಮೊದಲು ಕೈಗೆ ಪುಕ್ಕಟೆ ಕ್ಯಾಮೆಲ್ ಕೊಡುವುದು. ಆಮೇಲೆ, ಡಾಕ್ಟ್ರೇ, ನೀವು ಯಾವ ಬ್ರ್ಯಾಂಡ್ ಸೇದುತ್ತೀರಿ ಅಂತ ಕೇಳುವುದು. ಬಿಕಾಂನಲ್ಲಿ ಬಿಸಿನೆಸ್ ಸ್ಟ್ಯಾಟಿಸ್ಟಿಕ್ಸ್ ಪೇಪರ್ ಹೇಗೋ ಪಾಸ್ ಮಾಡಿಕೊಂಡವರಿಗೂ ಗೊತ್ತಾಗುತ್ತೆ ಇದರಲ್ಲಿ ಏನಾಗಿದೆ ಅಂತ. ಈಗಷ್ಟೇ ಹೋಳಿಗೆ ಬಡಿಸಿ, ನಿಮಗೆ ಯಾವ ಸಿಹಿ ಇಷ್ಟ ಅಂತ ಕೇಳಿದ ಹಾಗೆ. ಇಷ್ಟಾದರೂ ವೈದ್ಯರು ಸುಳ್ಳು ಹೇಳಲಿಲ್ಲ, ಲಂಚವನ್ನೂ ತಗೊಳ್ಳಲಿಲ್ಲ. ರೋಗಿಗೆ ಕ್ಯಾಮೆಲ್ ಸೇದಿ ಅಂತ ಚೀಟಿ ಬರೆದುಕೊಡಿ ಅಂತ ಅವರನ್ನು ಯಾರೂ ಕೇಳಲೂ ಇಲ್ಲ. ಅವರು ಕೊಟ್ಟಿದ್ದು ಒಂದು ಉತ್ತರ, ಅಷ್ಟೇ.

ಆ ಉತ್ತರ ಸಮ್ಮೇಳನದ ಹಾಲ್‌ನಿಂದ ಹೊರಟು ಜನಸಾಮಾನ್ಯರು ಓದುವ ಪತ್ರಿಕೆಗಳಿಗೆ ಬಂತು, ರೇಡಿಯೊಗೆ ಬಂತು. ಅಲ್ಲಿ ಅದರ ಅರ್ಥವೇ ಬೇರೆಯಾಯಿತು. ಗಂಟಲು ಕೆರೆತ, ಬೆಳಗಿನ ಕೆಮ್ಮು ಅಂತ ಒಳಗೊಳಗೇ ಹೆದರಿದ್ದ ಮನುಷ್ಯನಿಗೆ, ನಿನ್ನ ಡಾಕ್ಟರೇ ಸೇದುತ್ತಾನೆ, ಇನ್ನೇನು ಭಯ ಅಂತ ಹೇಳಿದ ಹಾಗಾಯಿತು. ಕಂಪನಿ ದುಡ್ಡು ಕೊಟ್ಟು ಕೊಂಡದ್ದು ವೈದ್ಯರ ಶಿಫಾರಸನ್ನಲ್ಲ. ವೈದ್ಯರ ಪಕ್ಕದಲ್ಲಿ ನಿಲ್ಲುವ ಜಾಗವನ್ನು. ಆ ಜಾಗದಲ್ಲಿ ನಿಂತು ತೆಗೆದ ಫೋಟೋವನ್ನು ಊರೆಲ್ಲ ತೋರಿಸಿತು. ಸಂಘ ತಾನು ಚದರ ಅಡಿ ಲೆಕ್ಕದಲ್ಲಿ ನೆಲ ಬಾಡಿಗೆಗೆ ಕೊಡುತ್ತಿದ್ದೇನೆ ಅಂದುಕೊಂಡಿತ್ತು. ಕಂಪನಿ ಬಾಡಿಗೆಗೆ ಪಡೆದದ್ದು ನಂಬಿಕೆಯನ್ನು. ಎರಡೂ ಪುಸ್ತಕಗಳಲ್ಲಿ ನಮೂದಾದ ಮೊತ್ತ ಒಂದೇ ಆದರೂ, ಬದಲಾದ ಮಾಲು ಒಂದೇ ಅಲ್ಲ.

ಈ ಹೊತ್ತಿಗೆ ಅಮೆರಿಕದಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ಸಾಯುವವರ ಸಂಖ್ಯೆ 1930ರಲ್ಲಿ ಇದ್ದ ಮೂರು ಸಾವಿರಕ್ಕಿಂತ ಕಡಿಮೆಯಿಂದ 1950ಕ್ಕೆ 18,000ಕ್ಕೆ ಏರಿತ್ತು. 1962ರಲ್ಲಿ ಅದು 41,000.

ಇಲ್ಲಿ ಒಬ್ಬ ಮನುಷ್ಯನ ಬಗ್ಗೆ ಹೇಳಲೇಬೇಕು. ಎವಾರ್ಟ್ಸ್ ಗ್ರಹಾಂ, ಸೇಂಟ್ ಲೂಯಿಸ್‌ನ ಶಸ್ತ್ರವೈದ್ಯ. ಕ್ಯಾನ್ಸರ್ ಇದ್ದ ಒಂದು ಇಡೀ ಶ್ವಾಸಕೋಶವನ್ನು ತೆಗೆದುಹಾಕಿ ರೋಗಿಯನ್ನು ಉಳಿಸಿದ ಮೊದಲಿಗರು ಅವರು, 1933ರಲ್ಲಿ. ಆ ರೋಗಿಯೂ ಒಬ್ಬ ವೈದ್ಯ, ಹೆಸರು ಜೇಮ್ಸ್ ಗಿಲ್ಮೋರ್. ಗ್ರಹಾಂ ಸ್ವತಃ ವಿಪರೀತ ಸೇದುವವರು. ಸಿಗರೇಟಿನಿಂದ ಈ ಕ್ಯಾನ್ಸರ್ ಬರುತ್ತೆ ಅನ್ನೋದನ್ನು ಅವರು ನಂಬಿರಲಿಲ್ಲ. ಸಿಗರೇಟ್ ಮಾರಾಟ ಏರಿದ ಹಾಗೆ ನೈಲಾನ್ ಕಾಲುಚೀಲದ ಮಾರಾಟವೂ ಏರಿದೆಯಲ್ಲ, ಅದೂ ಕಾರಣವಾ ಅನ್ನೋ ಧಾಟಿಯಲ್ಲಿ ತಳ್ಳಿಹಾಕುತ್ತಿದ್ದರು. ತರ್ಕ ತಪ್ಪೇನಲ್ಲ, ನೋಡಿ. ಎರಡು ಗೆರೆ ಒಟ್ಟಿಗೆ ಮೇಲೇರಿದರೆ ಒಂದು ಇನ್ನೊಂದಕ್ಕೆ ಕಾರಣ ಅಂತ ಆಗೋದಿಲ್ಲ. ಅವರ ಕಾಲೇಜಿನಲ್ಲಿ ಅರ್ನ್ಸ್ಟ್ ವೈಂಡರ್ ಅನ್ನೋ ವಿದ್ಯಾರ್ಥಿ ಇದ್ದ. ರೋಗಿಗಳನ್ನು ಕೂರಿಸಿ ಕೇಳಿ ಲೆಕ್ಕ ಹಾಕೋಣ ಸಾರ್ ಅಂದ. ಗ್ರಹಾಂ ಬೇಡ ಅನ್ನಲಿಲ್ಲ. ತನ್ನ ಅಭಿಪ್ರಾಯಕ್ಕೆ ವಿರುದ್ಧವಾದ ಕೆಲಸಕ್ಕೆ ಒಪ್ಪಿಗೆ ಕೊಟ್ಟು, ಅದರ ಜೊತೆಗೆ ತಾನೂ ನಿಂತ ದೊಡ್ಡತನ ಅದು. 684 ಖಚಿತ ಪ್ರಕರಣಗಳ ಅಧ್ಯಯನ 1950ರ ಮೇ 27ರಂದು ಪ್ರಕಟವಾಯಿತು. ಎಲ್ಲಿ? ಜಾಮಾದಲ್ಲೇ. ಆ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನಿಂದ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಅವರ ಅಧ್ಯಯನವೂ ಬಂತು. ಎರಡೂ ಹೇಳಿದ್ದು ಒಂದೇ.

ಅಂದರೆ, ಸಿಗರೇಟಿಗೂ ಕ್ಯಾನ್ಸರ್‌ಗೂ ನಂಟಿದೆ ಅಂತ ತನ್ನದೇ ಪುಟದಲ್ಲಿ ಅಚ್ಚು ಹಾಕಿದ ಮೇಲೂ ಆ ಪತ್ರಿಕೆ ಮೂರು ವರ್ಷಕ್ಕೂ ಹೆಚ್ಚು ಕಾಲ ಸಿಗರೇಟ್ ಜಾಹೀರಾತು ತೆಗೆದುಕೊಂಡಿತು. ಆ ಸಂಘ ತನ್ನ ಸಮ್ಮೇಳನಗಳಲ್ಲಿ ಸ್ಟಾಲ್ ಕೊಡುತ್ತಲೇ ಹೋಯಿತು. ಗ್ರಹಾಂ ಸೇದೋದನ್ನು ಬಿಟ್ಟರು. ತಡವಾಗಿತ್ತು. 1957ರ ಮಾರ್ಚ್‌ನಲ್ಲಿ ಅವರು ಶ್ವಾಸಕೋಶದ ಕ್ಯಾನ್ಸರ್‌ನಿಂದಲೇ ತೀರಿಕೊಂಡರು. ಅವರು ಒಂದು ಶ್ವಾಸಕೋಶ ತೆಗೆದು ಬದುಕಿಸಿದ್ದ ಗಿಲ್ಮೋರ್ ಆಗ ಇನ್ನೂ ಬದುಕಿದ್ದರು.

1953ರಲ್ಲಿ ಎಎಂಎ ಕೊನೆಗೂ ತೀರ್ಮಾನ ಮಾಡಿತು. ಮುಂದಿನ ವರ್ಷದಿಂದ ತನ್ನ ಪತ್ರಿಕೆಗಳಲ್ಲಿ ತಂಬಾಕಿನ ಜಾಹೀರಾತಿಲ್ಲ, ಸಮ್ಮೇಳನಗಳಲ್ಲಿ ಸಿಗರೇಟ್ ಕಂಪನಿಗಳ ಮಳಿಗೆ ಇಲ್ಲ. 20 ವರ್ಷದ ವ್ಯವಹಾರ ಮುಗಿಯಿತು. ಜಾಮಾವನ್ನು 1924ರಿಂದ 1949ರವರೆಗೆ ನಡೆಸಿದ ಪ್ರಖ್ಯಾತ ಸಂಪಾದಕ ಮಾರಿಸ್ ಫಿಶ್‌ಬೈನ್ ಹುದ್ದೆ ಬಿಟ್ಟ ಮೇಲೆ ಲೊರಿಲಾರ್ಡ್ ಅನ್ನೋ ಸಿಗರೇಟ್ ಕಂಪನಿಗೆ ಸಂಭಾವನೆ ಪಡೆಯುವ ಸಲಹೆಗಾರರಾದರು. ಆ ಕಂಪನಿಯ ಕೆಂಟ್ ಸಿಗರೇಟ್ ತನ್ನ ಹೊಸ ಫಿಲ್ಟರ್‌ನಿಂದಾಗಿ ಹೆಚ್ಚು ಸುರಕ್ಷಿತ ಅಂತ ಹೇಳಿಕೊಳ್ಳುತ್ತಿತ್ತು. 1952ರಿಂದ 1956ರವರೆಗೆ ಆ ಫಿಲ್ಟರ್‌ನಲ್ಲಿ ಇದ್ದದ್ದು ಕಲ್ನಾರು. ಹೌದು, ಈಗ ಕ್ಯಾನ್ಸರ್‌ಕಾರಕ ಅಂತ ನಾವು ಹೆದರುವ ಆಸ್ಬೆಸ್ಟಾಸೇ.

1954ರ ಜೂನ್. ಎಎಂಎ ಸಮ್ಮೇಳನ ಈ ಸಲ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಅಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿಯ ಇಬ್ಬರು, ಕೈಲರ್ ಹ್ಯಾಮಂಡ್ ಮತ್ತು ಡೇನಿಯಲ್ ಹಾರ್ನ್, ವೇದಿಕೆ ಹತ್ತಿದರು. 22,000 ಸ್ವಯಂಸೇವಕರ ಮೂಲಕ ಸುಮಾರು 1,88,000 ಗಂಡಸರ ಸೇದುವ ಅಭ್ಯಾಸ ದಾಖಲಿಸಿಕೊಂಡು, ಯಾರು ಯಾವಾಗ ಯಾತರಿಂದ ಸತ್ತರು ಅಂತ ಹಿಂಬಾಲಿಸಿದ ಅಧ್ಯಯನ ಅವರದು. ಇನ್ನೂ ಕೆಲವು ವರ್ಷ ಕಾಯುವ ಯೋಚನೆ ಇತ್ತು, ಆದರೆ ವ್ಯತ್ಯಾಸ ಅಷ್ಟು ಬೇಗ ಅಷ್ಟು ಸ್ಪಷ್ಟವಾಗಿ ಕಂಡಿದ್ದರಿಂದ ಸುಮ್ಮನಿರೋದು ಸರಿಯಲ್ಲ ಅಂತ ಮಧ್ಯದಲ್ಲೇ ಬಂದು ಹೇಳಿದರು. ಸೇದುವವರು ಬೇಗ ಸಾಯುತ್ತಿದ್ದಾರೆ, ಕ್ಯಾನ್ಸರ್‌ನಿಂದ ಮಾತ್ರವಲ್ಲ, ಹೃದಯದ ಕಾಯಿಲೆಯಿಂದಲೂ. ಪುಕ್ಕಟೆ ಸಿಗರೇಟಿನ ಕ್ಯೂನಿಂದ ಈ ವೇದಿಕೆಯವರೆಗೆ ಏಳು ವರ್ಷ.

ಅದೇ ವಾರ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಡಾಲ್ ಮತ್ತು ಹಿಲ್ ಅವರ ಇನ್ನೊಂದು ವರದಿ ಬಂತು. ಅವರು ತಮ್ಮ ಅಧ್ಯಯನಕ್ಕೆ ಆರಿಸಿಕೊಂಡದ್ದು ವೈದ್ಯರನ್ನೇ. 1951ರಲ್ಲಿ ಬ್ರಿಟನ್ನಿನ ವೈದ್ಯರಿಗೆ ಪತ್ರ ಬರೆದು, ನೀವು ಸೇದುತ್ತೀರಾ, ಎಷ್ಟು ಅಂತ ಕೇಳಿದ್ದರು. 40,000ಕ್ಕೂ ಹೆಚ್ಚು ಜನ ಉತ್ತರಿಸಿದರು. ಕ್ಯಾಮೆಲ್ ಕೇಳಿದ್ದೂ ವೈದ್ಯರನ್ನೇ, ಇವರು ಕೇಳಿದ್ದೂ ವೈದ್ಯರನ್ನೇ. ಆದರೆ ಇವರು ಕೈಗೆ ಏನೂ ಕೊಡದೆ ಕೇಳಿದರು, ಮತ್ತು ಉತ್ತರ ಬಂದ ಮೇಲೆ ದಶಕಗಳ ಕಾಲ ಕಾದು ನೋಡಿದರು. ಹೀಗೆ ಕಾದು ನೋಡುವಾಗಲೇ ಬ್ರಿಟನ್ನಿನ ವೈದ್ಯರಲ್ಲಿ ಸೇದುವವರ ಸಂಖ್ಯೆ ಇಳಿಯುತ್ತಾ ಹೋಯಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನೂ ಖುಷಿಯಾಗಿ ಮೈಕ್ ಆಫ್ ಮಾಡ್ತಿದ್ದೆ. ಆದರೆ ಸ್ಟಾಲ್ ಮುಚ್ಚಿದ ತಕ್ಷಣ ದುಡ್ಡು ಬರೋದು ನಿಲ್ಲಲಿಲ್ಲ, ಬೇರೆ ಬಾಗಿಲಿನಿಂದ ಬಂತು. 1954ರ ಜನವರಿ 4ರಂದು ತಂಬಾಕು ಕಂಪನಿಗಳು ಒಟ್ಟಾಗಿ 400ಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಒಂದು ಬಹಿರಂಗ ಹೇಳಿಕೆ ಕೊಟ್ಟವು. ನಿಮ್ಮ ಆರೋಗ್ಯವೇ ನಮಗೆ ಮುಖ್ಯ, ಸಂಶೋಧನೆಗೆ ನಾವೇ ದುಡ್ಡು ಕೊಡುತ್ತೇವೆ ಅನ್ನೋದು ಅದರ ಸಾರಾಂಶ. ಸಂಶೋಧನಾ ಸಮಿತಿ ಬಂತು, ವಿಶ್ವವಿದ್ಯಾಲಯಗಳಿಗೆ ಅನುದಾನ ಬಂತು. ಇನ್ನೂ ಖಚಿತವಾಗಿಲ್ಲ, ಮತ್ತಷ್ಟು ಅಧ್ಯಯನ ಬೇಕು ಅನ್ನೋ ಮಾತು ದಶಕಗಳವರೆಗೆ ಓಡಿತು. 1964ರ ಜನವರಿಯಲ್ಲಿ ಅಮೆರಿಕದ ಸರ್ಜನ್ ಜನರಲ್ ವರದಿ ಧೂಮಪಾನವೇ ಕಾರಣ ಅಂತ ಅಧಿಕೃತವಾಗಿ ಹೇಳಿದ ಒಂದೇ ತಿಂಗಳಲ್ಲಿ, ಎಎಂಎಯ ಪ್ರತಿಷ್ಠಾನ ತಂಬಾಕು ಕಂಪನಿಗಳಿಂದ ಒಂದು ಕೋಟಿ ಡಾಲರ್ ಸಂಶೋಧನಾ ನಿಧಿ ಪಡೆಯುವುದು ಪ್ರಕಟವಾಯಿತು. ಹತ್ತು ವರ್ಷದ ಹಿಂದೆ ಕೆಲವು ಚದರ ಅಡಿ ಜಾಗ ಕೊಡಲ್ಲ ಅಂದಿದ್ದ ಅದೇ ಸಂಘ!

ನನ್ನ ಅಭಿಪ್ರಾಯ ಕೇಳಿದರೆ, ಇವೆರಡರಲ್ಲಿ ಸ್ಟಾಲೇ ವಾಸಿ. ಸ್ಟಾಲ್‌ಗೆ ಬೋರ್ಡ್ ಇರುತ್ತೆ. ಯಾರು ದುಡ್ಡು ಕೊಟ್ಟಿದ್ದಾರೆ ಅಂತ ದೂರದಿಂದಲೇ ಕಾಣುತ್ತೆ. ಅನುದಾನಕ್ಕೆ ಬೋರ್ಡ್ ಇರಲ್ಲ, ಪ್ರಬಂಧದ ಕೊನೆಯಲ್ಲಿ ಸಣ್ಣ ಅಕ್ಷರದ ಒಂದು ಸಾಲು ಇದ್ದರೆ ಇತ್ತು. ಹಾಗಾಗಿ ಸ್ಪಾನ್ಸರ್‌ಶಿಪ್ ಬಗ್ಗೆ ನಿಯಮ ಮಾಡುವವರು ಕಣ್ಣಿಗೆ ಚುಚ್ಚುವ ಬಾಗಿಲನ್ನು ಮುಚ್ಚಿ ಕೈತೊಳೆದುಕೊಂಡರೆ ಕೆಲಸ ಅರ್ಧ ಮಾತ್ರ ಆಗಿರುತ್ತೆ.

ಈ ಅರ್ಧ ಮುಚ್ಚಿದ ಬಾಗಿಲು ನಮ್ಮ ದೇಶದಲ್ಲೂ ಉಂಟು. ಇಲ್ಲಿ ವಿಷಯ ಸಿಗರೇಟ್ ಅಲ್ಲ, ಔಷಧ ಕಂಪನಿಗಳದ್ದು. ಔಷಧ ಕಂಪನಿಗೆ ಸಮ್ಮೇಳನದಲ್ಲಿ ನ್ಯಾಯವಾದ ಕೆಲಸವೇ ಇದೆ, ಅದನ್ನು ಸಿಗರೇಟಿನ ಪಕ್ಕ ಕೂರಿಸೋದು ನನ್ನ ಉದ್ದೇಶ ಅಲ್ಲ. ದುಡ್ಡು ಹರಿಯುವ ದಾರಿಯನ್ನಷ್ಟೇ ನೋಡೋಣ. 2009ರ ಡಿಸೆಂಬರ್‌ನಲ್ಲಿ ಆಗಿನ ಭಾರತೀಯ ವೈದ್ಯಕೀಯ ಮಂಡಳಿ ತನ್ನ ನೀತಿಸಂಹಿತೆಗೆ 6.8 ಅನ್ನೋ ನಿಯಮ ಸೇರಿಸಿತು. ವೈದ್ಯರು ಔಷಧ ಕಂಪನಿಗಳಿಂದ ಉಡುಗೊರೆ, ಪ್ರವಾಸದ ಖರ್ಚು, ಹೋಟೆಲ್ ವಾಸ, ನಗದು ತೆಗೆದುಕೊಳ್ಳುವಂತಿಲ್ಲ. ಆ ನಿಯಮದ ವ್ಯಾಪ್ತಿಯಲ್ಲಿ ವೈದ್ಯರ ಸಂಘಗಳೂ ಇದ್ದವು. 2016ರ ತಿದ್ದುಪಡಿಯಲ್ಲಿ ಸಂಘಗಳನ್ನು ಹೆಸರಿಸಿದ್ದ ಪದಗಳು ಹೋದವು. ವೈದ್ಯ ಒಬ್ಬನೇ ಆದರೆ ತಗೊಳ್ಳಬಾರದು, ಸಂಘ ಕಟ್ಟಿಕೊಂಡರೆ ಈ ನಿಯಮ ತಟ್ಟೋದಿಲ್ಲ. ಸಮ್ಮೇಳನ ನಡೆಸೋದು ಸಂಘಗಳೇ ಅಲ್ವಾ?

ನನಗೆ ಇಷ್ಟವಾದ ಭಾಗ ಬರೋದು ತೆರಿಗೆಯ ಕಡೆಯಿಂದ. ಅಪೆಕ್ಸ್ ಲ್ಯಾಬೊರೇಟರೀಸ್ ಅನ್ನೋ ಕಂಪನಿ ಝಿಂಕೋವಿಟ್ ಪ್ರಚಾರಕ್ಕಾಗಿ ವೈದ್ಯರಿಗೆ ಕೊಟ್ಟ ಸವಲತ್ತುಗಳ 4.72 ಕೋಟಿ ರೂಪಾಯಿಯನ್ನು ವ್ಯಾಪಾರದ ಖರ್ಚು ಅಂತ ತೋರಿಸಿತ್ತು. 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 37(1), ಬಿಕಾಂ ಮಾಡಿದವರಿಗೆ ಪರೀಕ್ಷೆಯ ಹಿಂದಿನ ರಾತ್ರಿ ನೆನಪಾಗೋ ಸೆಕ್ಷನ್. ವ್ಯಾಪಾರಕ್ಕಾಗಿಯೇ ಮಾಡಿದ ಖರ್ಚನ್ನು ಲಾಭದಿಂದ ಕಳೆಯಬಹುದು, ಆದರೆ ಕಾನೂನು ನಿಷೇಧಿಸಿದ ಉದ್ದೇಶಕ್ಕೆ ಮಾಡಿದ ಖರ್ಚನ್ನಲ್ಲ. ಕಂಪನಿಯ ವಾದ ಹೀಗಿತ್ತು: ಮಂಡಳಿಯ ನಿಯಮ ವೈದ್ಯರಿಗೆ, ನಮಗಲ್ಲ. ತಗೊಳ್ಳಬಾರದು ಅಂತ ಅವರಿಗೆ ಹೇಳಿದೆ, ಕೊಡಬಾರದು ಅಂತ ನಮಗೆ ಹೇಳಿಲ್ಲ. 2022ರ ಫೆಬ್ರುವರಿ 22ರಂದು ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ಚಿನ್ನದ ನಾಣ್ಯ, ಟಿವಿ, ಫ್ರಿಜ್, ಸಮ್ಮೇಳನದ ಶುಲ್ಕ ಇಂಥವು ಪುಕ್ಕಟೆ ಅಲ್ಲ, ಅವುಗಳ ಬೆಲೆ ಔಷಧಿಯ ದರದಲ್ಲಿ ಸೇರಿ ರೋಗಿಯ ತಲೆ ಮೇಲೆ ಬರುತ್ತೆ ಅನ್ನೋ ಅರ್ಥದಲ್ಲಿ ನ್ಯಾಯಾಲಯ ವಿವರಿಸಿತು. ಕೊಡುವ ಕೈ ಇಲ್ಲದೆ ತಗೊಳ್ಳುವ ಕೈ ಇರೋದಿಲ್ಲ. ಆ ವರ್ಷದ ಬಜೆಟ್ಟಿನಲ್ಲೇ ಸರ್ಕಾರ ಸೆಕ್ಷನ್‌ಗೆ ವಿವರಣೆ ಸೇರಿಸಿತು. ಜುಲೈ 1ರಿಂದ 194ಆರ್ ಅನ್ನೋ ಹೊಸ ಸೆಕ್ಷನ್ ಬಂತು: ವರ್ಷಕ್ಕೆ 20,000 ರೂಪಾಯಿ ಮೀರಿದ ಸವಲತ್ತು ಕೊಟ್ಟರೆ ಶೇ 10 ಟಿಡಿಎಸ್.

2023ರ ಆಗಸ್ಟ್ 2ರಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಇನ್ನೂ ಬಿಗಿಯಾದ ನಿಯಮ ತಂದಿತು. ಕಂಪನಿ ಪ್ರಾಯೋಜಿಸಿದ ಉಪನ್ಯಾಸ, ಕಾರ್ಯಾಗಾರಗಳಿಂದ ವೈದ್ಯರು ದೂರ ಇರಬೇಕು ಅಂತ ಅದರಲ್ಲಿತ್ತು. ಮೂರು ವಾರದಲ್ಲಿ ಅದನ್ನು ತಡೆಹಿಡಿಯಲಾಯಿತು. ಜೆನೆರಿಕ್ ಹೆಸರಿನಲ್ಲೇ ಔಷಧಿ ಬರೆಯಬೇಕು ಅನ್ನೋದೂ ಅದರಲ್ಲಿದ್ದು, ವಿರೋಧದ ಗದ್ದಲವೆಲ್ಲ ಹೆಚ್ಚಾಗಿ ಅದರ ಸುತ್ತಲೇ ನಡೆಯಿತು. ಪ್ರಾಯೋಜಕತ್ವದ ವಿಷಯ ಚರ್ಚೆಯಾಗದೆಯೇ ಕಪಾಟು ಸೇರಿತು.

ಇನ್ನೊಂದು ಪಕ್ಷದ ಮಾತನ್ನೂ ಕೇಳಬೇಕು. ಸ್ನಾತಕೋತ್ತರ ಓದುತ್ತಿರುವ ಯುವ ವೈದ್ಯರಿಗೆ ದೊಡ್ಡ ಸಮ್ಮೇಳನದ ಶುಲ್ಕ, ರೈಲು, ರೂಮು ಎಲ್ಲ ಸೇರಿದರೆ ಸ್ಟೈಪೆಂಡಿನ ದೊಡ್ಡ ಪಾಲೇ ಹೋಗುತ್ತೆ. ಕಂಪನಿಗಳ ಸ್ಟಾಲ್ ಬಾಡಿಗೆ ಇಲ್ಲದಿದ್ದರೆ ಆ ಶುಲ್ಕ ಇನ್ನೂ ಏರುತ್ತೆ. ಹೊಸ ಸ್ಟೆಂಟ್, ಹೊಸ ಎಂಡೋಸ್ಕೋಪ್ ಅನ್ನು ಜಿಲ್ಲಾ ಕೇಂದ್ರದ ಒಬ್ಬ ವೈದ್ಯ ಕೈಯಲ್ಲಿ ಹಿಡಿದು ನೋಡೋದು ಆ ಸ್ಟಾಲ್‌ಗಳಲ್ಲೇ. ಇದು ಬರೀ ನೆಪ ಅಂತ ನಾನು ಹೇಳಲ್ಲ. ವೈದ್ಯರ ಮುಂದುವರಿದ ಕಲಿಕೆಗೆ ಯಾರು ದುಡ್ಡು ಕೊಡಬೇಕು ಅನ್ನೋ ಪ್ರಶ್ನೆಗೆ ಸರ್ಕಾರ, ಕಾಲೇಜು, ಆಸ್ಪತ್ರೆ ಯಾರೂ ಕೈ ಎತ್ತದೇ ಇದ್ದಾಗ ಕೈ ಎತ್ತಿದ್ದು ಕಂಪನಿಗಳು.

ಈಗ ಜಾರಿಯಲ್ಲಿರೋದು ಕೇಂದ್ರದ ಔಷಧ ಇಲಾಖೆ 2024ರ ಮಾರ್ಚ್ 12ರಂದು ಹೊರಡಿಸಿದ ಮಾರಾಟ ನೀತಿಸಂಹಿತೆ. ಅದರ ಪ್ರಕಾರ ವೈದ್ಯರ ಶಿಕ್ಷಣ ಕಾರ್ಯಕ್ರಮಗಳನ್ನು ಕಾಲೇಜು, ಆಸ್ಪತ್ರೆ, ವೃತ್ತಿಪರ ಸಂಘಗಳಂಥ ಸಂಸ್ಥೆಗಳ ಮೂಲಕ ಕಂಪನಿಗಳು ಬೆಂಬಲಿಸಬಹುದು, ಆದರೆ ವಿದೇಶದಲ್ಲಿ ನಡೆಸುವಂತಿಲ್ಲ. ಭಾಷಣಕಾರರನ್ನು ಬಿಟ್ಟು ಬೇರೆ ವೈದ್ಯರಿಗೆ ಪ್ರಯಾಣ, ಹೋಟೆಲ್ ಖರ್ಚು ಕೊಡುವಂತಿಲ್ಲ. ಇಂಥ ಕಾರ್ಯಕ್ರಮಗಳ ವಿವರ ಮತ್ತು ಅದಕ್ಕೆ ಮಾಡಿದ ಖರ್ಚನ್ನು ಕಂಪನಿಗಳು ತಮ್ಮ ವೆಬ್‌ಸೈಟಿನಲ್ಲಿ ಹಾಕಬೇಕು. ಕಾಗದದ ಮೇಲೆ ನನಗೆ ಇದು ಒಳ್ಳೆಯ ಏರ್ಪಾಡು ಅನಿಸುತ್ತೆ. ಸ್ಟಾಲಿಗೆ ಬೋರ್ಡ್ ಇರುವ ಹಾಗೆ, ಊಟದ ಹೊತ್ತಿನ ಆ ಉಪನ್ಯಾಸಕ್ಕೂ ಒಂದು ಬೋರ್ಡ್ ಬರಬಹುದು. ಆದರೆ ಇದು ಸಂಸತ್ತು ಮಾಡಿದ ಕಾಯ್ದೆಯಲ್ಲ, ಸಂಹಿತೆ. ಕಂಪನಿಯೊಂದು ಇದನ್ನು ಮುರಿದರೆ ದೂರು ಕೊಡಬೇಕಾದ್ದು ಔಷಧ ಕಂಪನಿಗಳದ್ದೇ ಸಂಘದ ನೀತಿ ಸಮಿತಿಗೆ. ಆ ಸಮಿತಿಯ ಮುಖ್ಯಸ್ಥರು ಅದೇ ಸಂಘದ ಮುಖ್ಯ ಕಾರ್ಯನಿರ್ವಹಣಾಧಿಕಾರಿ.